ಅತ್ತಿಗೆಯ ಕೈವೇಗ

ಒಡೆಯ ಲೆನ್ಸುಗಳ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದ. ಕನ್ನಡಕದ ಗಾಜು ಉಜ್ಜುವ ಆ ಕಾರ್ಖಾನೆಯಲ್ಲಿ ಡಾಕ್ಟರು ಬದಲಿಸಿದ ನಂಬರನ್ನು ಕಂಪ್ಯೂಟರಿನಲ್ಲಿ ತಿದ್ದುವುದು ಅತ್ತಿಗೆಯ ಕೆಲಸ. ಡಬ್ಬಿಯಲ್ಲಿದ್ದ ಗಾಜೆಲ್ಲ ಹಳೇ ನಂಬರಿಗೇ ಉಜ್ಜಿದ್ದಾಗಿತ್ತು.

"ತಪ್ಪಾಯ್ತು ಅಂತ ಈ ಹಾಳೆಗೆ ಸಹಿ ಹಾಕಿ ಮನೆಗೆ ಹೋಗಮ್ಮ."

"ನಾನು ತಿದ್ದಿದೀನಿ ಸರ್. ಮಾಡದ ತಪ್ಪಿಗೆ ಸಹಿ ಹಾಕಲ್ಲ."

ಮೂಲೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ಅವಳ ಮೈದುನ ಮೊಂಡ ತಲೆಯೆತ್ತಿದ. ಅವನಿಗೆ ಈ ಕೆಲಸ ಕೊಡಿಸಿದವಳೇ ಅವಳು, ಅಣ್ಣನ ಹೆಂಡತಿ. ಎದ್ದು ಬಂದು ತಾನೇ ಒಂದು ಫಾರಂ ತೆರೆದು ನಂಬರು ಬದಲಿಸಿ ನೋಡಿದ. ಹೊಸ ನಂಬರು ಉಳಿಯಿತು.

"ನೋಡಿದ್ಯಾ?" ಒಡೆಯ ನಕ್ಕ. "ಕಂಪ್ಯೂಟರಿಗೂ ನಿನ್ನ ಅತ್ತಿಗೆ ಕಂಡ್ರೆ ಆಗಲ್ವೇನೋ!"

"ಅತ್ತಿಗೆ, ನೀವು ನಂಬರು ಹೊಡೀರಿ. ದಿನಾ ಹೊಡೆಯೋ ಹಾಗೇ."

ಫಾರಂ ತೆರೆದದ್ದೇ ತಡ, ಪರದೆಯ ಖಾನೆಗಳು ತುಂಬುವ ಮೊದಲೇ ಅವಳ ಬೆರಳು ಓಡಿತು. ಹೊಸ ನಂಬರು ಮೂಡಿತು, ಕಣ್ಣು ಮಿಟುಕಿಸುವಷ್ಟರಲ್ಲಿ ಹಳೆಯದಾಯಿತು. ಅವಳ ಕೈ ಆಗಲೇ ಸೇವ್ ಒತ್ತಿತ್ತು.

ಮೊಂಡನಿಗೆ ಹೊಳೆಯಿತು, ಒಡೆಯನಿಗೂ ಬಿಡಿಸಿ ಹೇಳಿದ. ಪರದೆ ಬೇಗ ತೆರೆಯಲೆಂದು ಒಡೆಯನ ಅಳಿಯ ಹೊಸ ಪ್ಲಗಿನ್, ಅಂದರೆ ತಂತ್ರಾಂಶಕ್ಕೆ ಅಂಟಿಸುವ ತುಣುಕು, ಬರೆದಿದ್ದ. ಫಾರಂ ಮೊದಲು ಬರುತ್ತದೆ, ಹಳೇ ವಿವರವನ್ನು ಬೇರೊಂದು ಥ್ರೆಡ್, ಅಂದರೆ ಜೊತೆಗೇ ಓಡುವ ಇನ್ನೊಂದು ಕೆಲಸದ ಎಳೆ, ಹಿಂದಿನಿಂದ ಹೊತ್ತು ತರುತ್ತದೆ. ನಿಧಾನದವನಿಗೆ ತೊಂದರೆಯಿಲ್ಲ, ಬೇಗ ಹೊಡೆದರೆ ಹೊಸದರ ಮೇಲೆ ಹಳೆಯದು ಬಂದು ಕೂರುತ್ತದೆ. ಅತ್ತಿಗೆ ಬಣ್ಣ ಬಳಿದು ಮುಗಿಸಿದ ಗೋಡೆಗೆ ಅದು ಸುಣ್ಣ ಬಳಿದು ಹೋಗುತ್ತಿತ್ತು.

"ಹಂಗಾದ್ರೆ ನಿಧಾನ ಹೊಡೀಲಿ," ಎಂದ ಒಡೆಯ. "ಅಳಿಯಂದಿರು ಬರೆದಿದ್ದು. ಮುಟ್ಟಬೇಡ."

"ಅಳಿಯಂದಿರು ಬರೆದ್ರೆ ತಪ್ಪಿಗೂ ಮರ್ಯಾದೆ ಕೊಡ್ಬೇಕಾ?"

"ಮುಟ್ಟಿದ್ರೆ ನಿನಗೂ ಕೆಲಸ ಇಲ್ಲ!"

ಅತ್ತಿಗೆ ಕುರ್ಚಿ ತಿರುಗಿಸಿದಳು. "ನಿಧಾನ ಹೊಡೆದಾಗ ಸೋಮಾರಿ ಅಂದ್ರಿ. ಈಗ ಬೇಗ ಹೊಡೆದಿದ್ದೂ ತಪ್ಪು. ನನ್ನ ಕೈ ನಿಧಾನ ಆಗಲ್ಲ ಸರ್."

ಮೊಂಡ ಮುಟ್ಟಿದ. ಒಡೆಯನ ಎದುರೇ ಪ್ಲಗಿನ್ ಬಿಚ್ಚಿ ಕೂತ. ಬೈಗುಳ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೋಯಿತು. ಯಾರಾದರೂ ಕೈಯಾಡಿಸಿದ ಖಾನೆಯನ್ನು ಹಿಂದಿನಿಂದ ಬಂದ ಥ್ರೆಡ್ ಮುಟ್ಟದೆ ಬಿಟ್ಟುಹೋಗಬೇಕು. ಅಷ್ಟು ಬರೆದು ಎದ್ದ.

"ಹೊಡೀರಿ ಅತ್ತಿಗೆ. ಕೈಲಾದಷ್ಟು ಬೇಗ."

ಅವಳು ಹೊಡೆದಳು. ಮುಚ್ಚಿ ಮತ್ತೆ ತೆರೆದಳು. ಹೊಸ ನಂಬರು ಕದಲದೆ ಕೂತಿತ್ತು.

"ನಾಳೆಯಿಂದ ಇಬ್ರೂ ಬರಬೇಡಿ!" ಒಡೆಯ ಕೂಗಿದ.

"ನಾಳೆ ಮಾತು ನಾಳೆ," ಎಂದಳು ಅತ್ತಿಗೆ. ಸಹಿಗೆಂದು ಇಟ್ಟಿದ್ದ ಹಾಳೆಯನ್ನು ಒಡೆಯನ ಕಡೆಗೇ ಸರಿಸಿದಳು. "ಅಳಿಯಂದಿರು ಬಂದಾಗ ಹಾಕಿಸ್ಕೊಳ್ಳಿ."

ಪಕ್ಕದ ಕೋಣೆಯಲ್ಲಿ ಗಾಜು ಉಜ್ಜುವ ಯಂತ್ರ ಗುರ್ರೆಂದು ಶುರುವಾಯಿತು, ಅವಳು ಹೊಡೆದ ನಂಬರಿಗೇ. ಅತ್ತಿಗೆ ಡಾಕ್ಟರ ಮುಂದಿನ ಚೀಟಿ ಎಳೆದುಕೊಂಡಳು.