ಬ್ಯಾನರಿನಲ್ಲಿ ಬಂದ ಕಪಿತಾನ್

ತಬುಕಾನ್ ಊರಿನ ಮೀನು ಒಣಗಿಸುವ ಹೆಂಗಸರ ಸಂಘಕ್ಕೆ ಇಸಿಂಗ್ ಅಧ್ಯಕ್ಷೆಯಾದದ್ದು ಸಭೆಯಲ್ಲಿ ಇಲ್ಲದೇ ಹೋದ ತಪ್ಪಿಗೆ. ಆ ದಿನ ಇದ್ದಕ್ಕಿದ್ದಂತೆ ಮೋಡ ಕವಿಯಿತೆಂದು ಬಯಲಿನಲ್ಲಿದ್ದ ಮೀನು ಎತ್ತಿಡಲು ಓಡಿದ್ದಳು. ವಾಪಸು ಬರುವಷ್ಟರಲ್ಲಿ ಚುನಾವಣೆ ಮುಗಿದು ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಮ್ಮ ಕಡೆ ಯಾವ ಸಂಘವಾದರೂ ಇದೇ ಕಥೆ. ಎದುರಿಗೆ ಕೂತವರು ನಾನೊಲ್ಲೆ ಎಂದು ತಲೆಯಾಡಿಸಬಹುದು, ಇಲ್ಲದವರು ಹೇಗೆ ಆಡಿಸಿಯಾರು? ಅಂದಿನಿಂದ ಎರಡು ವರ್ಷ ಅಧ್ಯಕ್ಷೆಯ ಬಾಯಿಂದ ಬಂದ ಮಾತು ಒಂದೇ: "ಕಪಿತಾನ್‌ರನ್ನ ಕೇಳಿ."

ಕಪಿತಾನ್ ಎಂದರೆ ಊರಿನ ಮುಖ್ಯಸ್ಥ ತಿಯೋಡುಲೊ. ಹನ್ನೊಂದು ವರ್ಷದಿಂದ ಊರಿನ ಪರವಾಗಿ ಮಾತಾಡುವ ಗುತ್ತಿಗೆ ಅವರದೇ. ಒಳ್ಳೆಯ ಮನುಷ್ಯ, ಆದರೆ ಮೈಕ್ ಕೈಗೆ ಸಿಕ್ಕರೆ ಬಿಡಿಸಿಕೊಳ್ಳಲು ಇಬ್ಬರು ಬೇಕು.

ಈಗ ಸಂಘಕ್ಕೆ ಕುತ್ತಿಗೆಗೆ ಬಂದಿತ್ತು. ಸಮುದ್ರದ ದಂಡೆಯಲ್ಲಿ ಮೂವತ್ತೊಂದು ಹೆಂಗಸರು ಮೀನು ಒಣಗಿಸುವ ಬಯಲನ್ನು ಕಿತ್ತುಕೊಂಡು ಅಲ್ಲೊಂದು ಉದ್ಯಾನ ಮಾಡಿ, ಪಟ್ಟಣದ ಹೆಸರನ್ನು ಆಳೆತ್ತರದ ಬಣ್ಣದ ಅಕ್ಷರಗಳಲ್ಲಿ ನಿಲ್ಲಿಸಬೇಕು, ಪ್ರವಾಸಿಗರು ಅದರ ಮುಂದೆ ಫೋಟೊ ಹೊಡೆಸಿಕೊಳ್ಳಬೇಕು ಎಂದು ಮೇಯರ್ ಹಠ ಹಿಡಿದಿದ್ದರು. ಶುಕ್ರವಾರ ನಾಲ್ಕು ಗಂಟೆಗೆ ಪುರಭವನದಲ್ಲಿ ಕೊನೆಯ ವಿಚಾರಣೆ. ಅದಾದ ಮೇಲೆ ಸಹಿ ಬಿದ್ದರೆ ಬಯಲು ಹೋದಂತೆಯೇ.

"ನಾನಿದೀನಲ್ಲ, ಮಾತಾಡ್ತೀನಿ ಬಿಡ್ರೇ," ಎಂದರು ಕಪಿತಾನ್. ಜೊತೆಗೆ ಅದೇ ಶುಕ್ರವಾರ ಬೆಳಿಗ್ಗೆ ನಾಯಕತ್ವ ಕಲಿಯುವ ಪ್ರವಾಸವನ್ನೂ ಇಟ್ಟರು. ತಿಂಗಳು ಮುಗಿಯುವುದರೊಳಗೆ ಅದನ್ನು ಮುಗಿಸದಿದ್ದರೆ ಮೇಲಿನವರು ಬೈಯುತ್ತಾರೆ, ಬಸ್ಸು ಸಿಗುವುದು ಅದೊಂದೇ ದಿನ. ಬೆಳಿಗ್ಗೆ ಒಂದು ಬೇಕರಿ, ಮಧ್ಯಾಹ್ನ ಒಂದು ಸಂಘ, ಸಂಜೆ ನೇರ ಪುರಭವನ. ಬಸ್ಸಿಗೆ ಹದಿನಾಲ್ಕು ಹೆಂಗಸರು ಹತ್ತಿದರು. ಒಂದು ಬ್ಯಾನರೂ ಹತ್ತಿತು. ನೀಲಿ ಆಕಾಶ, ಬಿಳಿ ಮೋಡ, ಹಾರುವ ಪಾರಿವಾಳ, ನಡುವೆ ನಗುವ ಕಪಿತಾನ್, ಕೆಳಗೆ ದೊಡ್ಡದಾಗಿ "ಕಪಿತಾನ್ ತಿಯೋಡುಲೊ, ನಿಮಗೆ ಕೃತಜ್ಞತೆಗಳು." ಬರೆಸಿದ್ದು ಅವರೇ.

ಬೇಕರಿ ಮಾಲೀಕರು ಹಿಟ್ಟಿನ ಮೂಟೆಗಳ ಪಕ್ಕದಲ್ಲಿ ನಿಂತು ನಾಯಕನ ಗುಣಗಳನ್ನು ಹೇಳತೊಡಗಿದರು. ಮೊದಲ ಗುಣ, ಕೆಲಸದವರ ಮಾತಿಗೆ ಕಿವಿಗೊಡುವುದು. ಇದನ್ನು ಮುಕ್ಕಾಲು ಗಂಟೆ ಹೇಳಿದರು. ಹಿಂದೆ ಒಲೆಯ ಬಳಿ ಇಬ್ಬರು ಕೆಲಸದವರು ಕೈ ಎತ್ತಿಕೊಂಡೇ ನಿಂತಿದ್ದರು, ದೊಡ್ಡವರ ಮಾತಿನ ನಡುವೆ ಬಾಯಿ ಹಾಕುವ ಧೈರ್ಯವಿಲ್ಲದೆ. ಕೊನೆಗೆ ಒಲೆಯೇ ಬಾಯಿ ಹಾಕಿತು. ಇನ್ನೂರು ಬನ್ನು ಕರಕಲಾಗಿ, ಕಪ್ಪು ಹೊಗೆ ತುಂಬಿ, ಎಲ್ಲರೂ ಕೆಮ್ಮುತ್ತ ಕಣ್ಣುಜ್ಜುತ್ತ ಹೊರಗೆ ಓಡಿದರು.

ಈ ಗದ್ದಲದಲ್ಲಿ ಪಕ್ಕದ ಮನೆಯವರು ಬಂದು ಕಪಿತಾನರ ಕೈ ಹಿಡಿದಿದ್ದರು. ಚರ್ಚಿನಲ್ಲಿ ಮಗುವಿಗೆ ಹೆಸರಿಡುವ ಜ್ಞಾನಸ್ನಾನ, ಮಗುವನ್ನು ಎತ್ತಿಕೊಂಡು ಧರ್ಮತಂದೆಯಾಗಿ ನಿಲ್ಲಬೇಕಿದ್ದವನು ಬಂದಿಲ್ಲ, ನೀವೇ ಆಗಬೇಕು. ಇಂಥದ್ದಕ್ಕೆ ಒಲ್ಲೆ ಅಂದರೆ ಮಗುವಿಗೆ ಒಳ್ಳೆಯದಲ್ಲ. "ಐದೇ ನಿಮಿಷ," ಎಂದು ಇಸಿಂಗ್‌ಗೆ ಹೇಳಿ ಕಪಿತಾನ್ ಹೋದರು.

ಒಂದು ಗಂಟೆ ಕಾದದ್ದಾಯಿತು.

"ಮನಂಗ್, ಅವ್ರು ಬೇಕರಿಯವರ ಕಾರಲ್ಲಿ ಮುಂದೆ ಹೋಗಿರ್ತಾರೆ ಕಣೇ," ಎಂದಳು ಪಾಸ್ಯಾಂಗ್. ಇಸಿಂಗ್‌ಗಿಂತ ಐದು ವರ್ಷ ಚಿಕ್ಕವಳು, ಅಕ್ಕ ಎನ್ನುವಂತೆ ಮನಂಗ್ ಎನ್ನುತ್ತಾಳೆ. ನಾಲಿಗೆ ಮಾತ್ರ ಯಾರಿಗೂ ಚಿಕ್ಕದಲ್ಲ. "ದೊಡ್ಡೋರು ಯಾವತ್ತಾದ್ರೂ ನಮ್ಮ ಜೊತೆ ಬಸ್ಸಲ್ಲಿ ಬೆವೆತಿದ್ದುಂಟಾ?"

"ಹೋಗಿ ನೋಡ್ಕೊಂಡು ಬರೋಣ್ವಾ?"

"ಪೂಜೆ ಮಧ್ಯೆ ಹೋಗಿ ಕಪಿತಾನ್‌ನ ಬೇಗ ಬನ್ನಿ ಅಂತ ಎಳ್ಕೊಂಡು ಬರ್ತೀಯಾ? ಹೋಗು, ನಾನು ಇಲ್ಲೇ ನೋಡ್ತಿರ್ತೀನಿ."

ಇಸಿಂಗ್ ಹೋಗಲಿಲ್ಲ. ಬಸ್ಸು ಹೊರಟಿತು. ಅರ್ಧ ದಾರಿಯಲ್ಲಿ ಕಪಿತಾನರ ಸೀಟಿನ ಮೇಲಿದ್ದ ಅವರ ಚೀಲದೊಳಗೆ ಫೋನು ಹೊಡೆದುಕೊಳ್ಳತೊಡಗಿತು. ಇಪ್ಪತ್ತು ಸಲ ಹೊಡೆಯಿತು. ಹದಿನಾಲ್ಕು ಜನ ಆ ಚೀಲವನ್ನೇ ನೋಡುತ್ತ ಕೂತರು. ಕಪಿತಾನರ ಚೀಲಕ್ಕೆ ಕೈ ಹಾಕುವವರು ಯಾರು?

ಎರಡನೆಯ ಭೇಟಿ ಪಕ್ಕದೂರಿನ ಸಾವಿನ ಸಂಘಕ್ಕೆ. ಯಾರ ಮನೆಯಲ್ಲಾದರೂ ಸಾವಾದರೆ ಪೆಟ್ಟಿಗೆ, ಕಾಫಿ, ಕುರ್ಚಿ, ಪ್ರಾರ್ಥನೆ ಎಲ್ಲವನ್ನೂ ಅರ್ಧ ಗಂಟೆಯಲ್ಲಿ ಒದಗಿಸುವ ಸಂಘವೆಂದು ಅದಕ್ಕೆ ಜಿಲ್ಲೆಗೇ ಹೆಸರು. ಮುಖ್ಯಸ್ಥೆ ಎಂಬತ್ತರ ಅಜ್ಜಿ, ಲೋಲಾ ಬಾಸ್ಯೋನ್. ಕಪಿತಾನ್ ತಿಯೋಡುಲೊ ಹೆಂಗಸರೊಂದಿಗೆ ಬರುತ್ತಾರೆಂದು ಅವರಿಗೆ ಪತ್ರ ಬಂದಿತ್ತು. ಈಗ ಬಸ್ಸಿನಿಂದ ಇಳಿದದ್ದು ಬರೀ ಹೆಂಗಸರು, ಎಲ್ಲರ ಕಣ್ಣೂ ಹೊಗೆಗೆ ಕೆಂಪು, ಯಾರ ಬಾಯಲ್ಲೂ ಮಾತಿಲ್ಲ. ಮುಂದೆ ಇಬ್ಬರು ಹಿಡಿದ ಬ್ಯಾನರಿನಲ್ಲಿ ಕಪಿತಾನ್ ಮೋಡದ ಮೇಲೆ ನಗುತ್ತಿದ್ದರು.

ಲೋಲಾ ಬಾಸ್ಯೋನ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿದಳು. ಕಣ್ಣಿನಲ್ಲೇ ಒಂದು ಸನ್ನೆ ಮಾಡಿದಳು. ಬ್ಯಾನರು ಗೋಡೆಗೆ ಏರಿತು, ಎರಡು ಮೋಂಬತ್ತಿ ಹತ್ತಿದವು, ಅತಿಥಿಗೆಂದು ತಂದಿಟ್ಟ ಹೂವಿನ ಹಾರ ಬ್ಯಾನರಿಗೆ ಬಿತ್ತು, ಬಿಸ್ಕತ್ತು ಕಾಫಿ ಕೈಗೆ ಬಂದವು. ನಾಯಕತ್ವವೆಂದರೆ ಇದಪ್ಪಾ ಎಂದು ಇಸಿಂಗ್ ಬೆರಗಾಗಿ ನೋಡುತ್ತಿರುವಾಗಲೇ ಜಪಸರ ಪ್ರಾರ್ಥನೆ ಶುರುವಾಗಿಬಿಟ್ಟಿತು. ಆಗ ಅವಳಿಗೆ ಹೊಳೆಯಿತು.

"ಪಾಸ್ಯಾಂಗ್, ಇವ್ರು ಕಪಿತಾನ್ ಸತ್ತೋದ್ರು ಅಂದ್ಕೊಂಡಿದಾರೆ!"

"ಗೊತ್ತು. ನೀನು ಅಧ್ಯಕ್ಷೆ, ಎದ್ದು ಹೇಳು."

ಪ್ರಾರ್ಥನೆಯ ನಡುವೆ ಏಳುವುದುಂಟೇ? ಐವತ್ತು ಮಣಿ ಮುಗಿಯುವವರೆಗೂ ಇಸಿಂಗ್ ಬದುಕಿರುವ ಮನುಷ್ಯನ ಆತ್ಮಕ್ಕೆ ಶಾಂತಿ ಕೋರಿದಳು. ಮುಗಿದ ಮೇಲೆ ಲೋಲಾ ಬಾಸ್ಯೋನ್ ಅವಳನ್ನು ತಬ್ಬಿಕೊಂಡು ಅತ್ತಳು. ಎಂಬತ್ತರ ಮುದುಕಿ ನಿಮ್ಮೂರಿನವನಿಗಾಗಿ ಅಳುತ್ತಿರುವಾಗ, ನಿಲ್ಲಿಸಜ್ಜಿ ಎಂದು ಹೇಗೆ ಹೇಳುವುದು? ನಾಚಿಕೆ ಇಸಿಂಗ್‌ಳನ್ನು ಬಸ್ಸಿಗೆ ತಳ್ಳಿಕೊಂಡು ಹೋಗಿ ಕೂರಿಸಿತು.

ಪುರಭವನ ತಲುಪಿದಾಗ ಬಾವುಟ ಅರ್ಧಕ್ಕೆ ಇಳಿದಿತ್ತು. ಸಾವಿನ ಸಂಘದ ಚುರುಕುತನದ ಬಗ್ಗೆ ಹೇಳಿದೆನಲ್ಲ, ಅಲ್ಲಿಂದ ಮೇಯರಿಗೆ ಫೋನು ಹೋಗಿ ಆಗಿತ್ತು. ಕಪಿತಾನ್ ಕಾರಿನಲ್ಲಿ ಮುಂದೆ ಬಂದಿರಬಹುದೆಂಬ ಕೊನೆಯ ಆಸೆಯೂ ಬಾಗಿಲಲ್ಲೇ ಕರಗಿತು.

ಮೇಯರ್ ಎದ್ದು ನಿಂತರು. ಇಡೀ ಸಭೆ ಎದ್ದಿತು. ಒಂದು ನಿಮಿಷ ಮೌನ. ಆಮೇಲೆ ಮೇಯರ್, "ತಿಯೋಡುಲೊ ನನ್ನ ಜೊತೆ ಹನ್ನೊಂದು ವರ್ಷ ಜಗಳ ಆಡಿದ್ರು. ಈ ಬಯಲು ಉಳೀಬೇಕು ಅನ್ನೋದು ಅವರ ಕೊನೇ ಆಸೆ ಅಂತ ಕೇಳಿದೆ. ಹೌದಾದ್ರೆ ಅವರ ನೆನಪಿಗೆ ಬಯಲನ್ನ ಹಾಗೇ ಬಿಟ್ಬಿಡ್ತೀನಿ. ಹೌದೇನಮ್ಮ?" ಎಂದು ಇಸಿಂಗ್ ಕಡೆ ನೋಡಿದರು.

ಪಾಸ್ಯಾಂಗ್ ಇಸಿಂಗ್‌ಳ ಸೊಂಟ ಚಿವುಟಿದಳು. "ಸುಮ್ನೆ ತಲೆ ಆಡ್ಸೇ. ಮಾತೂ ಬೇಕಾಗಿಲ್ಲ."

ನಿಜ, ಬೇಕಾಗಿರಲಿಲ್ಲ. ಎರಡು ವರ್ಷದಿಂದ ಅವಳು ಮಾಡುತ್ತ ಬಂದದ್ದೇ ಅದು. ತಲೆ ಆಡಿಸಿದರೆ ಬಯಲು ಉಳಿಯುತ್ತದೆ, ಕಪಿತಾನ್ ಎದ್ದು ಬರುವವರೆಗಾದರೂ. ಆದರೆ ಇಸಿಂಗ್‌ಗೆ ಯಾಕೋ ಸಿಟ್ಟು ಬಂತು. ಅವಳ ತಾಯಿ ಆ ಬಯಲಿನಲ್ಲಿ ಮೀನು ತಿರುವುತ್ತ ಬೆನ್ನು ಬಗ್ಗಿಸಿಕೊಂಡಳು. ಇವಳ ಬೆರಳುಗಳ ಉಪ್ಪುಹುಣ್ಣು ಮೂವತ್ತು ವರ್ಷದಿಂದ ಮಾಗಿಲ್ಲ. ಅದ್ಯಾವುದೂ ಸಾಲದೆ ಬಯಲು ಉಳಿಯಲು ಒಬ್ಬ ಗಂಡಸು ಸಾಯಬೇಕಾಯಿತಲ್ಲ, ಅದೂ ಸುಳ್ಳುಸುಳ್ಳೇ!

"ಕಪಿತಾನ್ ಸತ್ತಿಲ್ಲ," ಎಂದಳು.

ಪಾಸ್ಯಾಂಗ್ ಮುಖ ಮುಚ್ಚಿಕೊಂಡಳು.

"ಏನಂದೆ?"

"ಸತ್ತಿಲ್ಲ ಮೇಯರ್ ಅವ್ರೇ. ಒಂದು ಮಗುವಿಗೆ ಧರ್ಮತಂದೆ ಆಗಕ್ಕೆ ಹೋದ್ರು, ನಾವು ಬಿಟ್ಟು ಬಂದ್ವಿ. ಅಜ್ಜಿ ಬ್ಯಾನರ್ ನೋಡಿ ತಪ್ಪು ತಿಳ್ಕೊಂಡ್ರು, ನನಗೆ ಹೇಳಕ್ಕೆ ನಾಚಿಕೆ ಆಯ್ತು. ತಪ್ಪು ನಂದೇ."

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಮೇಯರ್ ಕೆಂಪಗಾದರು. "ಅಂದ್ರೆ ನಾನು ಬಾವುಟ ಇಳಿಸಿದ್ದು? ನಿಮ್ಮ ಪರವಾಗಿ ಈಗ ಮಾತಾಡೋರು ಯಾರು?"

ಇಸಿಂಗ್ ಮುಂದೆ ಬಂದು ಮೈಕ್ ಹಿಡಿದಳು.

"ನಾನೇ. ಒಂದು ಕೇಳ್ತೀನಿ. ಸತ್ತ ಕಪಿತಾನ್‌ಗೆ ಕೊಡೋ ಬಯಲನ್ನ ಬದುಕಿರೋ ನಮಗ್ಯಾಕೆ ಕೊಡಲ್ಲ? ನಾವು ಮೂವತ್ತೊಂದು ಜನ ಇದೀವಿ. ಬಿಸಿಲು ಬೀಳೋ ಜಾಗ ದಂಡೇಲಿ ಅದೊಂದೇ. ನಿಮ್ಮ ಅಕ್ಷರಕ್ಕೆ ಬಿಸಿಲು ಬೇಕಾ? ಅದನ್ನ ಬೋಟ್ ಕಟ್ಟೆ ಹತ್ರ ನಿಲ್ಲಿಸಿ, ಅಲ್ಲೂ ಫೋಟೊ ಬರುತ್ತೆ. ಮೀನು ಅಲ್ಲಿ ಒಣಗಲ್ಲ, ಕೊಳೆಯುತ್ತೆ. ಮಳೆಗಾಲಕ್ಕೆ ಮುಂಚೆ..."

ಅಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು. ಕಪಿತಾನ್ ತಿಯೋಡುಲೊ ನಿಂತಿದ್ದರು, ಭುಜದ ಮೇಲೆ ಮಗು ಕಕ್ಕಿದ ಹಾಲಿನ ಕಲೆ, ತಲೆಯಲ್ಲಿ ರಸ್ತೆಯ ಧೂಳು. ದಾರಿಯಲ್ಲಿ ಮೂವರು ಅವರನ್ನು ಕಂಡು ಚೀರಿ ಓಡಿದ್ದರಂತೆ, ಯಾಕೆಂದು ಅವರಿಗೆ ಇನ್ನೂ ಗೊತ್ತಿರಲಿಲ್ಲ. ನೇರ ಬಂದು ಇಸಿಂಗ್‌ಳ ಕೈಯಲ್ಲಿದ್ದ ಮೈಕಿಗೆ ಕೈ ಚಾಚಿದರು.

"ತಡ ಆಯ್ತು, ಕ್ಷಮಿಸ್ಬೇಕು! ಗೌರವಾನ್ವಿತ ಮೇಯರ್ ಅವರೇ, ನನ್ನ ಜನರ ಪರವಾಗಿ ನಾನು..."

ಇಸಿಂಗ್ ಮೈಕ್ ಬಿಡಲಿಲ್ಲ.

"ಕಪ್, ಕೂತ್ಕೊಳ್ಳಿ. ನಂದಿನ್ನೂ ಮುಗಿದಿಲ್ಲ."

ಕಪಿತಾನ್ ಅವಳನ್ನು ನೋಡಿದರು, ಮೇಯರನ್ನು ನೋಡಿದರು, ಹೆಂಗಸರನ್ನು ನೋಡಿದರು. ಯಾರೂ ಅವರ ನೆರವಿಗೆ ಬರಲಿಲ್ಲ. ಪಾಸ್ಯಾಂಗ್ ಮಾತ್ರ ಸರಿದು ಬೆಂಚಿನ ತುದಿಯಲ್ಲಿ ಒಂಚೂರು ಜಾಗ ಮಾಡಿಕೊಟ್ಟಳು. ಅವರು ಕೂತರು.

ಮೇಯರ್ ಪೆನ್ನಿಗೆ ಮುಚ್ಚಳ ಹಾಕಿ, ಸಹಿಗೆ ಇಟ್ಟಿದ್ದ ಕಾಗದವನ್ನು ಪಕ್ಕಕ್ಕೆ ಸರಿಸಿದರು.

"ಹೇಳಮ್ಮ ಅಧ್ಯಕ್ಷೆ," ಎಂದರು, "ಬೋಟ್ ಕಟ್ಟೆ ಹತ್ರ ಎಲ್ಲಿ?"