ಜರಡಿಯಮ್ಮ ಒಪ್ಪಿದ ತೋಳು

ಗಾಜಿನ ಗೊಂಚಲು ದೀಪದ ಕೆಳಗೆ ನಿಂತು, ಕತ್ತು ನೋಯುವವರೆಗೆ ಮೇಲೆ ನೋಡಿ 'ಆಹಾ' ಎನ್ನುವವರೇ ಲೋಕದಲ್ಲಿ ಹೆಚ್ಚು. ಬೆಳಕು ಬಿದ್ದರೆ ಹೊಳೆಯದ ಗಾಜು ಯಾವುದಿದೆ? ಒಡೆದ ಸೀಸೆಯೂ ಬಿಸಿಲಿಗೆ ಹೊಳೆಯುತ್ತದೆ. ದೀಪ ಆರಿಸಿ, ಸುತ್ತಲೂ ಬಾಗಿ ಬೆಳಕು ಹೊರುವ ತೋಳುಗಳಲ್ಲಿ ಒಂದನ್ನು ಬಿಚ್ಚಿ ಕೈಗೆ ತೆಗೆದುಕೊಂಡಾಗ ಅದರ ಬಂಡವಾಳ ಗೊತ್ತಾಗುತ್ತದೆ. ಅಚ್ಚಿಗೆ ಸುರಿದದ್ದಾದರೆ ಬೆನ್ನುದ್ದಕ್ಕೂ ಹೊಲಿಗೆಯಂಥ ಗೆರೆ ಬೆರಳಿಗೆ ತಾಗುತ್ತದೆ. ಬಾಯಿಂದ ಊದಿದ್ದಕ್ಕೆ ಗೆರೆ ಇರುವುದಿಲ್ಲ. ಹಾಗಂತ ಊದಿದ್ದೆಲ್ಲ ಒಳ್ಳೆಯದೂ ಅಲ್ಲ. ಬಾಗಿದ ಕಡೆ ಗಾಜು ತೆಳುವಾಗಬಾರದು. ಮೈಮೇಲಿನ ತಿರುಚು ಬುಡದಿಂದ ತುದಿಯವರೆಗೆ ಒಂದೇ ಸಮ ಬರಬೇಕು. ಎದುರುಬದುರು ತೂಗುವ ಎರಡು ತೋಳುಗಳು ಎರಡು ಅಂಗೈಯಲ್ಲಿ ಸರಿತೂಕ ಇರಬೇಕು, ಇಲ್ಲದಿದ್ದರೆ ಇಡೀ ದೀಪ ಒಂದು ಹೆಗಲು ಇಳಿಸಿಕೊಂಡು ನಿಲ್ಲುತ್ತದೆ.

ಆ ಕಾರ್ಖಾನೆಯಲ್ಲಿ ಇದನ್ನೆಲ್ಲ ನೋಡಿ ಹೇಳುವ ಕೆಲಸ ಮೇಸ್ತ್ರಿಯ ಹೆಂಡತಿಯದು. ಕುಲುಮೆಯಿಂದ ದೂರ, ದೊಡ್ಡ ಕಿಟಕಿಯ ಕೆಳಗೆ, ಕಂಬಳಿ ಹಾಸಿದ ಒಂದು ಮೇಜು. ಅದೇ ಅವಳ ನ್ಯಾಯಪೀಠ. ಗಂಡ ಊದಿರಲಿ, ಮೈದುನ ಊದಿರಲಿ, ಅವಳು ಬೆಳಕಿಗೆ ಹಿಡಿದು ನೋಡಿ, ಉಗುರಿನಿಂದ ತಟ್ಟಿ ಕಿವಿಗೊಟ್ಟು, ಜೋಡಿಯ ಜೊತೆ ತೂಗಿ, 'ಆಗುತ್ತೆ' ಅಥವಾ 'ಆಗಲ್ಲ' ಎನ್ನುತ್ತಿದ್ದಳು. ಆಗದ್ದು ಮರುಮಾತಿಲ್ಲದೆ ಒಡಕಿನ ತೊಟ್ಟಿಗೆ, ಅಲ್ಲಿಂದ ಮತ್ತೆ ಕುಲುಮೆಗೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಮಾತು ಆ ಮೇಜಿನ ಹತ್ತಿರ ಸುಳಿಯುತ್ತಿರಲಿಲ್ಲ. ಕೆಲಸದವರು ಅವಳಿಗೆ ಇಟ್ಟ ಹೆಸರು ಜರಡಿಯಮ್ಮ. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಇಷ್ಟವೂ ಆಗಿತ್ತು.

ಮದುವೆಗೆ ಮೊದಲು ಮೇಸ್ತ್ರಿ ಪ್ರೀತಿಯಿಂದ ಒಂದು ಅತ್ತರಿನ ಸೀಸೆ ಊದಿ ತಂದು ಕೊಟ್ಟಿದ್ದ. ಅವಳು ತಿರುಗಿಸಿ ನೋಡಿ, "ಕುತ್ತಿಗೆ ಸೊಟ್ಟ, ಆಗಲ್ಲ" ಎಂದಳು. ಅವತ್ತು ಅವನು ಊಟ ಬಿಟ್ಟನಂತೆ. ಆಮೇಲೆ ಹಟ ಹಿಡಿದು ನೇರ ಕುತ್ತಿಗೆಯ ಇನ್ನೊಂದನ್ನು ಮಾಡಿ ತಂದ. ಹೊಗಳುವವರು ಬೀದಿಗೊಬ್ಬರು ಸಿಗುತ್ತಾರೆ, ನಂಬುವಂಥ ಬಾಯಿ ಒಂದೇ ಸಿಕ್ಕಿತು, ಅದನ್ನೇ ಕಟ್ಟಿಕೊಂಡೆ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದ. ಮೊದಲಿನ ಸೀಸೆ ಏನಾಯಿತೆಂದು ಕೇಳಲೇ ಇಲ್ಲ. ತೊಟ್ಟಿಗೆ ಹೋಗಿರುತ್ತದೆ, ಇನ್ನೆಲ್ಲಿಗೆ?

ಊರಿನ ಸಂಗೀತ ಸಭಾಂಗಣಕ್ಕೆ ದೊಡ್ಡ ಗೊಂಚಲು ದೀಪ ತಯಾರಾಗುತ್ತಿದ್ದ ಕಾಲಕ್ಕೆ ಮೇಸ್ತ್ರಿಯ ಕೆಮ್ಮು ಜೋರಾಯಿತು. ಆಸ್ಪತ್ರೆಯಲ್ಲಿ ಅವನು ಒಳಗೆ ಅಂಗಿ ಹಾಕಿಕೊಳ್ಳುತ್ತಿದ್ದಾಗ ಡಾಕ್ಟರು ಅವಳನ್ನೂ ಮೈದುನನನ್ನೂ ಮೊಗಸಾಲೆಗೆ ಕರೆದು, ಶ್ವಾಸಕೋಶ ಪೂರ್ತಿ ಕೆಟ್ಟಿದೆ, ಇನ್ನು ನೋವು ಕಡಿಮೆ ಮಾಡಬಹುದೇ ಹೊರತು ಬೇರೇನೂ ಉಳಿದಿಲ್ಲ ಎಂದರು. ಅಣ್ಣನಿಗೆ ಹೇಳೋಣ ಎಂದ ಮೈದುನ. ಅವಳು ಒಪ್ಪಲಿಲ್ಲ.

"ಗೊತ್ತಾದ ದಿನವೇ ಅವರು ಗಾಜು ಊದೋ ಕೊಳವೆ ಕೆಳಗಿಡ್ತಾರೆ," ಎಂದಳು. "ಕೊಳವೆ ಇಟ್ಟ ದಿನವೇ ಅರ್ಧ ಹೋಗಿಬಿಡ್ತಾರೆ. ಬೇಡಪ್ಪ."

ಹೀಗೆ ಬಾಯಿಗೆ ಬೀಗ ಬಿತ್ತು. ಕುಲುಮೆಯ ಬಿಸಿಗೆ ಎದೆ ಒಣಗಿದೆ, ಔಷಧಿ ತೆಗೆದುಕೊಂಡರೆ ಸರಿಹೋಗುತ್ತದೆ ಎಂದು ಅವನಿಗೆ ಹೇಳಿದರು. ಅಳು ಬಂದಾಗ ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಳ್ಳುತ್ತಿದ್ದಳು. ಮೈದುನ ಅಣ್ಣನ ಮುಂದೆ ಪೆಚ್ಚುಮೋರೆ ಹಾಕಿದಾಗೆಲ್ಲ ಅವನಿಗೆ ಏನಾದರೊಂದು ಕೆಲಸ ಹೇಳಿ ಓಡಿಸುತ್ತಿದ್ದಳು. ತನ್ನ ಮುಖ, ದನಿ, ನಡಿಗೆ ಎಲ್ಲವನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಗಾಜನ್ನು ಮಾತ್ರ ಮರೆತಳು.

ದೀಪಕ್ಕೆ ಒಂದೇ ತೋಳು ಬಾಕಿ ಇತ್ತು. ಮೇಸ್ತ್ರಿ ಅದನ್ನು ಊದುವಾಗ ನಡುವೆ ಕೆಮ್ಮು ಬಂದು ಕೊಳವೆಯಿಂದ ಬಾಯಿ ತೆಗೆದದ್ದನ್ನೂ, ಗೋಡೆ ಹಿಡಿದು ಸುಧಾರಿಸಿಕೊಂಡು ಮತ್ತೆ ಬಾಯಿ ಇಟ್ಟದ್ದನ್ನೂ ಅವಳು ಕಿಟಕಿಯ ಹತ್ತಿರದಿಂದಲೇ ನೋಡಿದಳು. ಮರುದಿನ ಬೆಳಿಗ್ಗೆ, ಗೂಡಿನಲ್ಲಿ ನಿಧಾನಕ್ಕೆ ಆರಿದ ತೋಳು ಮೇಜಿಗೆ ಬಂತು. ಬೆಳಕಿಗೆ ಹಿಡಿಯುವುದೇ ಬೇಕಿರಲಿಲ್ಲ. ಬಾಗಿದ ಕಡೆ ಈರುಳ್ಳಿ ಸಿಪ್ಪೆಯಷ್ಟು ತೆಳು. ಅವನು ಕೆಮ್ಮಿದ ಜಾಗದಲ್ಲಿ ತಿರುಚು ದಾರಿ ತಪ್ಪಿತ್ತು. ಜೋಡಿಯ ಜೊತೆ ತೂಗಿದರೆ ಒಂದು ಅಂಗೈ ಮೇಲೆದ್ದಿತು.

ಮೇಸ್ತ್ರಿ ಎಂದಿನಂತೆ ಕೈ ಹಿಂದೆ ಕಟ್ಟಿಕೊಂಡು ಎದುರಿಗೆ ನಿಂತಿದ್ದ. ರಾತ್ರಿಯಿಡೀ ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡಿದ್ದವನು. ಉಸಿರಾಡಿದಾಗಲೆಲ್ಲ ಎದೆಯಲ್ಲಿ ಸಿಳ್ಳೆ ಕೇಳುತ್ತಿತ್ತು. ಆಗಲ್ಲ ಎಂದರೆ ಇವನು ಈಗಲೇ ಹೋಗಿ ಮತ್ತೆ ಆ ಕೊಳವೆಗೆ ಬಾಯಿ ಇಡುತ್ತಾನೆ ಎಂದುಕೊಂಡು ಅವಳು ತೋಳನ್ನು ಕಂಬಳಿಯ ಮೇಲೆ ಮೆಲ್ಲಗೆ ಇಳಿಸಿದಳು.

"ಆಗುತ್ತೆ," ಎಂದಳು. ಅಷ್ಟಕ್ಕೇ ನಿಲ್ಲಿಸಿದ್ದರೂ ಪಾರಾಗುತ್ತಿದ್ದಳೇನೋ. "ಚೆನ್ನಾಗಿದೆ," ಎಂದೂ ಸೇರಿಸಿದಳು.

ಆ ಮಾತು ಆ ಮೇಜಿನಿಂದ ಯಾವತ್ತೂ ಬಂದದ್ದಲ್ಲ. ಜರಡಿಯಮ್ಮ ಹೊಗಳಿದ ಮೇಲೆ ಇವತ್ತು ಮಳೆ ಗ್ಯಾರಂಟಿ ಎಂದು ಕುಲುಮೆಯ ಹತ್ತಿರ ಯಾರೋ ನಕ್ಕರು. ಮೇಸ್ತ್ರಿ ನಗಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ತೋಳು ಕೆಟ್ಟಿದೆಯೆಂದು ಕೊಳವೆಯ ತುದಿಯಲ್ಲಿ ಅದು ಕೆಂಪಗೆ ಇದ್ದಾಗಲೇ ಅವನಿಗೆ ಗೊತ್ತಿತ್ತು. ಬೈಸಿಕೊಂಡು ಹೋಗಿ ಇನ್ನೊಂದನ್ನು ಊದುವ ಲೆಕ್ಕದಲ್ಲಿ ಬಂದು ನಿಂತಿದ್ದ. ಈಗ ಅವನು ತೋಳನ್ನು ನೋಡದೆ ಹೆಂಡತಿಯನ್ನೇ ನೋಡಿದ. ನೋಡುತ್ತ ನೋಡುತ್ತ ಅವನ ಕೈ ಹಿಂದಿನಿಂದ ತಾನಾಗಿ ಬಿಚ್ಚಿಕೊಂಡು ಮೇಜಿನ ಅಂಚು ಹಿಡಿಯಿತು.

"ಡಾಕ್ಟ್ರು ಎಷ್ಟು ದಿನ ಅಂದ್ರು?" ಎಂದು ಕೇಳಿದ.

ಯಾವ ದಿನ, ಏನು ಮಾತು ಎಂದು ಅವಳು ತಡವರಿಸಿದಳು.

"ನನ್ನ ಕೆಲಸಕ್ಕೆ ನೀನು ಯಾವತ್ತಾದ್ರೂ ಮುಖ ನೋಡಿ ಮಣೆ ಹಾಕಿದ್ದುಂಟೇನೇ? ಬದುಕೋ ಗಂಡನಾಗಿದ್ರೆ ಇಷ್ಟೊತ್ತಿಗೆ ಇದನ್ನ ತೊಟ್ಟಿಗೆ ಹಾಕಿರ್ತಿದ್ದೆ."

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿಯಲಿಲ್ಲ. ಅವಳು ಹೇಳಿದಳು. ಅವನು ಸ್ಟೂಲಿನ ಮೇಲೆ ಕೂತು ಕೇಳಿದ. ಕೇಳಿ, ತೋಳನ್ನು ಅವಳ ಕಡೆಗೆ ಸರಿಸಿದ.

"ಇನ್ಮೇಲೆ ಎಲ್ಲರೂ ನನಗೆ ಸುಳ್ಳು ಹೇಳ್ತಾರೆ. ನೀನು ಹೇಳ್ಬೇಡ. ಈಗ ನೋಡು ಇದನ್ನ."

ಅವಳು ಎತ್ತಿ ಹಿಡಿದಳು. ಕಣ್ಣು ತುಂಬಿ ಕಿಟಕಿಯೇ ಕಾಣಿಸುತ್ತಿರಲಿಲ್ಲ. ಆದರೂ ಬಾಗಿದ ಕಡೆ ತೆಳು ಎಂದಳು, ತಿರುಚು ಹಾದಿ ಬಿಟ್ಟಿದೆ ಎಂದಳು, ತೂಕ ಸಾಲದು ಎಂದಳು. ಕೊನೆಗೆ "ಆಗಲ್ಲ" ಎಂದಳು. ಅವನು ಸಮಾಧಾನವಾದವನಂತೆ ತಲೆಯಾಡಿಸಿ, ಎದ್ದು ಹೋಗಿ, ತಾನೇ ಅದನ್ನು ತೊಟ್ಟಿಗೆ ಹಾಕಿ ಬಂದ.

ಅವಳು ಹೆದರಿದಂತೆಯೇ ಆಯಿತು. ಅವನು ಕೊಳವೆಯನ್ನು ಮತ್ತೆ ಮುಟ್ಟಲಿಲ್ಲ. ಬಾಕಿ ಉಳಿದ ತೋಳನ್ನು ಮೈದುನ ಊದಿದ. ಎರಡು ಸಲ ಅವಳಿಂದ ಆಗಲ್ಲ ಅನ್ನಿಸಿಕೊಂಡೇ ಮೂರನೆಯದರಲ್ಲಿ ಗೆದ್ದ. ಮೇಸ್ತ್ರಿ ಪಕ್ಕದಲ್ಲಿ ಕೂತು ಅದನ್ನು ನೋಡಿ ಖುಷಿಪಟ್ಟ. ದೀಪ ಹುಲ್ಲು ತುಂಬಿದ ಪೆಟ್ಟಿಗೆಗಳಲ್ಲಿ ಸಭಾಂಗಣಕ್ಕೆ ಹೋಯಿತು. ಅವನು ಹಾಸಿಗೆ ಹಿಡಿದ.

ಒಂದು ಮಧ್ಯಾಹ್ನ, ನಾನು ಕೆಡಿಸಿದ್ದೆಲ್ಲ ಕರಗಿ ಹೋಯಿತು ಅಲ್ವಾ, ನಿನ್ನ ಹತ್ತಿರ ಒಂದೂ ಉಳಿಯಲಿಲ್ಲ ಎಂದು ಅವನು ಹಾಸ್ಯವಾಗಿಯೇ ಅಂದ. ಅವಳು ಎದ್ದು ಹೋಗಿ ಟ್ರಂಕಿನ ತಳದಿಂದ ಬಟ್ಟೆಯ ಗಂಟೊಂದನ್ನು ತಂದು ಬಿಚ್ಚಿ ಅವನ ಅಂಗೈಗೆ ಇಟ್ಟಳು. ಅವನು ಹೆಬ್ಬೆರಳಿನಿಂದ ಸೀಸೆಯ ಕುತ್ತಿಗೆಯನ್ನು ಸವರಿ ನೋಡಿದ.

"ಇದು ಆಗಲ್ಲ ಅಂದಿದ್ಯಲ್ಲೇ."

"ಆಗಲ್ಲ ಅಂದಿದ್ದೆ," ಎಂದಳು. "ಬೇಡ ಅಂದಿದ್ದೆನಾ?"

ಅವನು ನಕ್ಕ. ನಗು ಕೆಮ್ಮಾಯಿತು. ಅದು ನಿಲ್ಲುವವರೆಗೆ ಅವಳು ಬೆನ್ನು ಸವರುತ್ತ ಕೂತಳು.

ಸಭಾಂಗಣದಲ್ಲಿ ದೀಪ ಹತ್ತುವ ಹೊತ್ತಿಗೆ ಅವನಿರಲಿಲ್ಲ. ಊರಿಗೆ ಊರೇ ಕತ್ತೆತ್ತಿ ಆಹಾ ಎನ್ನುತ್ತಿದೆ, ಬನ್ನಿ ಅತ್ತಿಗೆ ಎಂದು ಮೈದುನ ಕರೆಯಲು ಬಂದ. ಅವಳು ಬರುವುದಿಲ್ಲ ಎಂದಳು. ಕಿಟಕಿಯ ಹತ್ತಿರ ಕೂತು ಆ ಸೀಸೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಯಾವ ಕಡೆಯಿಂದ ನೋಡಿದರೂ ಕುತ್ತಿಗೆ ಸೊಟ್ಟಗೇ ಇತ್ತು.