ಆಕಳಿಸಿದ ಕಡೆ ಕತ್ತರಿ

ಚಿತಾಗಾರದ ಅಂಗಳದಲ್ಲಿ, ಮೇಷ್ಟ್ರ ಶವದ ಪಕ್ಕ ನಿಂತು ಶ್ರದ್ಧಾಂಜಲಿ ಓದುತ್ತಿದ್ದ ಅವರ ಕಾಲೇಜು ವಿಭಾಗದ ಮುಖ್ಯಸ್ಥರು ಇನ್ನೊಂದು ಹಾಳೆ ತಿರುಗಿಸಿದಾಗ, ಮೇಷ್ಟ್ರ ಹೆಂಡತಿ ಬಾಯಿಗೆ ಕರ್ಚೀಫು ಒತ್ತಿಕೊಂಡರು. ಅಳುತ್ತಿದ್ದಾರೆಂದು ಎಲ್ಲರೂ ತಲೆ ತಗ್ಗಿಸಿದರು. ಆಕೆ ಆಕಳಿಸಿದ್ದರು. ಆಸ್ಪತ್ರೆಯ ಕುರ್ಚಿಯಲ್ಲಿ ಕಳೆದ ರಾತ್ರಿಗಳ ನಿದ್ದೆಯೆಲ್ಲ ಈಗ ಒತ್ತಿ ಬಂದಿತ್ತು.

"ಸೂಕ್ಷ್ಮಕಣ ಪ್ರಸರಣದ ಬಹುಚರ ವಿಶ್ಲೇಷಣೆಗೆ ಅಗಲಿದ ಚೇತನದ ಕೊಡುಗೆ..."

"ಈ ಮನುಷ್ಯಂಗೆ ಇಂಟರ್ವಲ್ಲೇ ಇಲ್ವಲ್ಲಕ್ಕಾ," ಪಕ್ಕದಲ್ಲಿದ್ದ ತಮ್ಮ ಪಿಸುಗುಟ್ಟಿದ. "ಭಾವ ಎದ್ದು ಕೂತು 'ಕಟ್' ಅಂದ್ಬಿಡ್ತಾರೆ ನೋಡು."

"ಸುಮ್ನಿರೋ. ನಗು ಬರುತ್ತೆ."

ಕೊನೆಗೂ ಓದು ಮುಗಿದು, ಶವ ಒಳಗೆ ಹೋಗಿ, ಚಿತಾಗಾರದ ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನಲ್ಲಿ ಮೇಷ್ಟ್ರ ಶಿಷ್ಯೆ ಆಕೆಯ ಪಕ್ಕ ಕೂತಳು.

"ಅಮ್ಮಾ, ಸಂಜೆ ಗ್ರಂಥಾಲಯದಲ್ಲಿ ಸರ್ ಭಾಷಣ ಇತ್ತು. ಬೇಡ ಅಂದ್ಬಿಡ್ಲಾ?"

"ಯಾವುದು, ಶಾಲೆ ಗೇಟಿನ ವಿಷಯಾನಾ?"

"ಹೂಂ. ಗೇಟನ್ನ ಸಿಗ್ನಲ್ ಪಕ್ಕದಿಂದ ಹಿಂದಿನ ಬೀದಿಗೆ ಹಾಕ್ಬೇಕಾ ಅಂತ ಅಪ್ಪ ಅಮ್ಮಂದಿರು ನಾಳೆ ಕೈ ಎತ್ತಬೇಕು. ಇವತ್ತು ಅವರಿಗೆ ಅರ್ಥ ಆಗ್ದಿದ್ರೆ ಮುಗೀತು."

"ನೀನೇ ಹೇಳು ಮಗಳೇ."

"ನಂಗೆ ಸರ್ ಥರ ಬರಲ್ಲಮ್ಮಾ."

"ಅವರಿಗೂ ಬರ್ತಿರ್ಲಿಲ್ಲ."

*

ಪ್ರತಿ ಭಾಷಣವೂ ಮೊದಲು ಅಡುಗೆಮನೆಯಲ್ಲಿ ನಡೆಯುತ್ತಿತ್ತು. ಮೇಷ್ಟ್ರು ಫ್ರಿಜ್ಜಿಗೆ ಒರಗಿ ಮಾತಾಡುವರು, ಹೆಂಡತಿ ತರಕಾರಿ ಹೆಚ್ಚುವರು. ಆಕೆ ಆಕಳಿಸಿದ ಕಡೆ ಕತ್ತರಿ.

"ಮತ್ತೆ ಆಕಳಿಸಿದ್ಯಾ?"

"ನಿದ್ದೆ ಕಣ್ರೀ. ನಿಮ್ಮ ಮಾತಿಗಲ್ಲ."

"ಅಲ್ಲಿಗೆ ಬರೋರೂ ದುಡಿದು ಸುಸ್ತಾಗೇ ಬರೋದು. ಹೊಡಿ ಕತ್ತರಿ!"

ಹೀಗೆ ದಪ್ಪ ಪ್ರಬಂಧವೊಂದು ನಾಲ್ಕು ಮಾತಿಗೆ ಇಳಿಯುತ್ತಿತ್ತು. ಭಾಷಣಕ್ಕೆ ಮಾತ್ರ ಆಕೆ ಒಮ್ಮೆಯೂ ಹೋದವರಲ್ಲ. ಅಷ್ಟರಲ್ಲಿ ಕೇಳಿ ಕೇಳಿ ಸಾಕಾಗಿರುತ್ತಿತ್ತು.

*

ಸಂಜೆ ತಮ್ಮನ ತೋಳು ಹಿಡಿದು ಬಂದು ಆಕೆ ಹಿಂದಿನ ಸಾಲಿನಲ್ಲಿ ಕೂತರು. ವೇದಿಕೆಯ ಮೇಲೆ ಶಿಷ್ಯೆ ಮೈಕು ಹಿಡಿದು ನಿಂತಿದ್ದಳು. ಹೆದರಿಕೆಗೆ ಬಾಯಿಗೆ ಬಂದದ್ದೆಲ್ಲ ಪ್ರಬಂಧದ ಮಾತೇ: ಸಾಂದ್ರತೆ, ಪ್ರಸರಣ, ಸರಾಸರಿ. ಮೇಷ್ಟ್ರ ಹೆಂಡತಿಯ ಮುಂದಿನ ಸಾಲಿನಲ್ಲಿದ್ದ ಟೈಲರ್ ಒಬ್ಬ ಮೊಬೈಲು ತೆಗೆದ. ಯಾರೋ ಚಪ್ಪಲಿ ಮೆಟ್ಟಿಕೊಂಡರು.

"ಎದ್ದು ಹೋಗ್ತಾರಕ್ಕಾ," ತಮ್ಮ ಗೊಣಗಿದ. "ಪಿಚ್ಚರ್ ಫ್ಲಾಪು."

ಪಕ್ಕದಲ್ಲಿ, ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದ ಹೆಂಗಸು ಬಾಗಿದಳು. "ಅಕ್ಕಾ, ಏನಂತೆ?"

ಮೇಷ್ಟ್ರ ಹೆಂಡತಿ ನಿದ್ದೆಗೆ ಎಳೆಯುತ್ತಿದ್ದ ಕಣ್ಣು ಮುಚ್ಚಿಕೊಂಡೇ ಹೇಳಿದರು. "ಸಿಗ್ನಲ್ಲಲ್ಲಿ ನಿಂತ ಗಾಡಿ ಎಲ್ಲಿ ಹೊಗೆ ಉಗುಳುತ್ತೆ ಹೇಳು? ಕೆಳಗೆ. ನಿನ್ನ ಮೂಗು ಮೇಲಿದೆ, ಮಗು ಮೂಗು ಅಲ್ಲೇ ಇದೆ. ನೀನು ಕೈ ಹಿಡ್ಕೊಂಡು ನಿಂತಿರ್ತೀಯ, ಅದು ಕುಡೀತಿರುತ್ತೆ."

ಹೆಂಗಸು ಮಗುವಿನ ಮುಖ ನೋಡಿದಳು. "ಹಿಂದಿನ ಬೀದೀಲಿ?"

"ಹೊಗೆ ಅಷ್ಟು ದೂರ ಬರೋದ್ರೊಳಗೆ ತೆಳ್ಳಗಾಗಿರುತ್ತೆ."

"ಸ್ವಲ್ಪ ಜೋರಾಗಿ ಹೇಳಿಮ್ಮಾ," ಎಂದ ಟೈಲರ್, ಕುರ್ಚಿ ತಿರುಗಿಸುತ್ತ.

ಅವನ ಪಕ್ಕದ ಕುರ್ಚಿ ತಿರುಗಿತು. ಅದರ ಮುಂದಿನದು ತಿರುಗಿತು. ಶಿಷ್ಯೆ ಮೈಕು ಆರಿಸಿ, ವೇದಿಕೆ ಇಳಿದು ಬಂದು, ಮಗುವಿನ ಪಕ್ಕ ನೆಲದ ಮೇಲೆ ಕೂತಳು. ವೇದಿಕೆಗೆ ಬೆನ್ನು ಹಾಕಿ ಕೂತ ಇಡೀ ಸಭೆಯ ಎದುರು ಆಕೆ ಕಣ್ಣು ತೆರೆದರು.